ಅರಿವು ಕೇಂದ್ರದಲ್ಲಿ ಒಂದು ಮೇಜು ಬಿಡಿ

ರಾಜ್ಯದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳ ಮೇಲ್ವಿಚಾರಕರೇ,

ನಿಮ್ಮಲ್ಲಿ ಒಂದು ಮೇಜು ಕೇಳಲು ಈ ಪತ್ರ ಬರೆಯುತ್ತಿದ್ದೇನೆ. ನಾಲ್ಕಡಿ ಉದ್ದ, ಮೂರಡಿ ಅಗಲ ಇದ್ದರೆ ಸಾಕು. ಕಿಟಕಿಯ ಪಕ್ಕ, ಬೆಳಕು ಬೀಳುವ ಕಡೆ ಇರಲಿ. ಅದರ ಮೇಲೆ ದಿನಪತ್ರಿಕೆ ಹರಡುವುದು ಬೇಡ, ಹಾಜರಿ ಪುಸ್ತಕ ಇಡುವುದು ಬೇಡ. ಚೂರುಚೂರಾದ ಒಂದು ಚಿತ್ರ ಅಲ್ಲಿರಲಿ. ಬಂದವರು ಬಿಡುವಿದ್ದಷ್ಟು ಹೊತ್ತು ಕೂತು ಜೋಡಿಸಲಿ, ಎದ್ದು ಹೋಗಲಿ, ಇನ್ನೊಬ್ಬರು ಬಂದು ಅಲ್ಲಿಂದ ಮುಂದುವರಿಸಲಿ. ಜಿಗ್ಸಾ ಪಜಲ್ ಎನ್ನುತ್ತಾರಲ್ಲ, ಅದು. ನಮ್ಮ ಮಕ್ಕಳ ಬಾಯಲ್ಲಿ ಬರೀ ಪಜಲ್.

ಇದು ಪುಟ್ಟ ಮಕ್ಕಳ ಆಟಿಕೆ, ಅಂಗನವಾಡಿಗೆ ಕೊಡಬೇಕಾದ್ದು ಎಂದು ನಿಮಗೆ ಅನ್ನಿಸಬಹುದು. ಎರಡು ವರ್ಷದ ಹಿಂದಿನವರೆಗೆ ನನಗೂ ಹಾಗೇ ಅನ್ನಿಸುತ್ತಿತ್ತು. ನಮ್ಮ ಮನೆಯ ಜಗಲಿಯಲ್ಲಿ ಒಂಬತ್ತು ದಿನ ನಡೆದದ್ದನ್ನು ಕಂಡ ಮೇಲೆ ಹಾಗೆ ಅನ್ನಿಸುವುದಿಲ್ಲ. ಅದನ್ನು ಮೊದಲು ಹೇಳಿಬಿಡುತ್ತೇನೆ.

ನಮ್ಮದು ಮಲೆನಾಡಿನ ಅಡಿಕೆ ತೋಟದ ಮನೆ. ಅಪ್ಪನಿಗೆ ಆಗ 79 ವರ್ಷ. ಪಕ್ಕದ ಮನೆ ಚಿಕ್ಕಪ್ಪನದು. ಅಣ್ಣ ತಮ್ಮ ಇಬ್ಬರಿಗೂ ತೋಟದ ಬೇಲಿಯ ವಿಚಾರದಲ್ಲಿ ಮನಸ್ತಾಪವಾಗಿ ಮುಖ ನೋಡಿ ಮಾತಾಡುವುದು ನಿಂತು 11 ವರ್ಷವಾಗಿತ್ತು. ಹೇಳಬೇಕಾದ್ದು ಏನಾದರೂ ಇದ್ದರೆ ಮಕ್ಕಳ ಮೂಲಕ ಹೋಗುತ್ತಿತ್ತು, ಮಕ್ಕಳ ಮೂಲಕ ಬರುತ್ತಿತ್ತು. ಆ ಡಿಸೆಂಬರಿನಲ್ಲಿ ಅಕ್ಕನ ಮಗಳು ಜರ್ಮನಿಯಿಂದ ರಜೆಗೆ ಬಂದಳು. ಜೊತೆಗೆ ಅವಳ ಒಂಬತ್ತು ವರ್ಷದ ಮಗ. ಅವನಿಗೆ ಕನ್ನಡ ಅರ್ಥವಾಗುತ್ತಿತ್ತು, ನಾಲಿಗೆ ತಿರುಗುತ್ತಿರಲಿಲ್ಲ. ಅವನ ಪೆಟ್ಟಿಗೆಯಲ್ಲಿ 1000 ತುಣುಕುಗಳ ಒಂದು ಪಜಲ್ ಇತ್ತು. ಬವೇರಿಯಾದ ನಾಯ್‌ಶ್ವಾನ್‌ಸ್ಟೈನ್ ಕೋಟೆ, ಸುತ್ತ ಹಿಮ ಬಿದ್ದ ಕಾಡು, ಮೇಲೆ ಅರ್ಧ ಚಿತ್ರದಷ್ಟು ಬರೀ ನೀಲಿ ಆಕಾಶ.

ಹಳೆಯ ಬಾಗಿಲಿನ ಹಲಗೆಯೊಂದನ್ನು ಎರಡು ಸ್ಟೂಲಿನ ಮೇಲಿಟ್ಟು ಜಗಲಿಯಲ್ಲೇ ಹುಡುಗ ಶುರುಮಾಡಿದ. ಮೊದಲು ಅಂಚಿನ ತುಣುಕುಗಳನ್ನೆಲ್ಲ ಆರಿಸಿ ಚೌಕಟ್ಟು ಕಟ್ಟಿದ. ಕೋಟೆಯ ಗೋಪುರ ಸಲೀಸಾಗಿ ಬಂತು. ಆಕಾಶಕ್ಕೆ ಬಂದಾಗ ಸಿಕ್ಕಿಹಾಕಿಕೊಂಡ. ಮುನ್ನೂರಕ್ಕೂ ಹೆಚ್ಚು ತುಣುಕು, ಎಲ್ಲ ನೀಲಿ. ಅಪ್ಪ ಎಲೆ ಅಡಿಕೆ ಹಾಕಿಕೊಂಡು ಎರಡು ದಿನ ದೂರದಿಂದಲೇ ನೋಡುತ್ತಿದ್ದವರು ಮೂರನೆಯ ದಿನ ಕುರ್ಚಿ ಎಳೆದುಕೊಂಡು ಬಂದು ಕೂತರು. ಒಂದು ಹಿಡಿ ನೀಲಿಯನ್ನು ಅಂಗೈಯಲ್ಲಿ ಹರಡಿಕೊಂಡು, "ಇದು ಒಂದೇ ನೀಲಿ ಅಲ್ಲ ಮಾರಾಯಾ, ಇದರಲ್ಲಿ ಮೂರು ತರ ಇದೆ" ಎಂದರು.

ನಮಗ್ಯಾರಿಗೂ ಕಾಣದ ವ್ಯತ್ಯಾಸ ಅವರಿಗೆ ಕಂಡಿತ್ತು. ಅರವತ್ತು ವರ್ಷ ಅಡಿಕೆ ಆರಿಸಿದ ಕಣ್ಣು ಅದು. ಬೇಯಿಸಿ ಒಣಗಿಸಿದ ಅಡಿಕೆಯ ರಾಶಿಯಲ್ಲಿ ಕೈಯಾಡಿಸುತ್ತ ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ಬೇರೆಮಾಡುವಾಗ ನೋಡಬೇಕಾದ್ದು ಬಣ್ಣದ ಇಷ್ಟಿಷ್ಟೇ ಏರಿಳಿತವನ್ನು. ಆ ವಿದ್ಯೆ ಹಿಮದ ನಾಡಿನ ಆಕಾಶಕ್ಕೂ ನಡೆಯುತ್ತದೆ ಎಂದು ಅವರಿಗೂ ಗೊತ್ತಿರಲಿಲ್ಲ. ಮೂರು ತಟ್ಟೆ ತರಿಸಿಕೊಂಡು ಆಕಾಶವನ್ನು ವಿಂಗಡಿಸಿದರು. ಹುಡುಗ ಬೆರಗಾಗಿ ಮುತ್ತಜ್ಜನ ಕೈಯನ್ನೇ ನೋಡುತ್ತಿದ್ದ. ಅಲ್ಲಿಯವರೆಗೆ ಅವರಿಬ್ಬರ ನಡುವೆ "ಊಟ ಆಯ್ತಾ" ಎಂಬುದಕ್ಕಿಂತ ಹೆಚ್ಚಿನ ಮಾತು ಇರಲಿಲ್ಲ.

ಐದನೆಯ ದಿನ ಚಿಕ್ಕಪ್ಪ ಬಂದರು. ಅಡಿಕೆ ಸುಲಿಯುವ ಯಂತ್ರದ ಸರದಿ ಯಾವತ್ತು ಎಂದು ತಿಳಿಸಿಹೋಗಲು ಬಂದವರು ಮೆಟ್ಟಿಲ ಮೇಲೇ ನಿಂತಿದ್ದರು. ಅಪ್ಪ ಒಂದು ತುಣುಕನ್ನು ಹಿಡಿದು ಅಲ್ಲಿಲ್ಲಿ ಇಟ್ಟು ನೋಡುತ್ತಿದ್ದರು. ಸ್ವಲ್ಪ ಹೊತ್ತು ನೋಡಿದ ಚಿಕ್ಕಪ್ಪ, "ಅದು ಅಲ್ಲಿ ಕೂರೂದಿಲ್ಲ, ತಿರುಗಿಸು" ಎಂದರು. ಅಪ್ಪ ತಿರುಗಿಸಿದರು. ಕೂತಿತು. ಹುಡುಗ ಎದ್ದು ಇನ್ನೊಂದು ಕುರ್ಚಿ ತಂದಿಟ್ಟ. ಅವನಿಗೆ 11 ವರ್ಷದ ಕತೆ ಗೊತ್ತಿರಲಿಲ್ಲ.

ಆಮೇಲಿನ ನಾಲ್ಕು ದಿನ ಚಿಕ್ಕಪ್ಪ ಸಂಜೆ ಹೊತ್ತಿಗೆ ಬಂದರು. ಅಣ್ಣ ತಮ್ಮ ಏನು ಮಾತಾಡಿದರು ಎಂದು ಕೇಳಿದರೆ ದೊಡ್ಡದೇನೂ ಇಲ್ಲ. ಹೆಂಚು ಹಾರಿಹೋದ ಒಂದು ಮಳೆಗಾಲ, ಇಬ್ಬರಿಗೂ ಹೊಡೆಯುತ್ತಿದ್ದ ಮೇಷ್ಟ್ರು, ಅಜ್ಜಿ ಮಾಡುತ್ತಿದ್ದ ಅಪ್ಪೆಹುಳಿ. ನಡುನಡುವೆ ಕಾಲು ಗಂಟೆ, ಅರ್ಧ ಗಂಟೆ ಸುಮ್ಮನೆ. ಬೇಲಿಯ ಮಾತು ಒಮ್ಮೆಯೂ ಬರಲಿಲ್ಲ. ರಾಜಿಯಾಯಿತು ಎಂದು ನಾನು ಹೇಳಲಾರೆ, ಬೇಲಿಯ ತಕರಾರು ಈಗಲೂ ಇದ್ದಲ್ಲೇ ಇದೆ. ಆದರೆ ಮುಂದಿನ ಮಳೆಗಾಲದಲ್ಲಿ ಅಪ್ಪನಿಗೆ ರಾತ್ರಿ ಜ್ವರ ಏರಿದಾಗ, ಯಾರೂ ಹೇಳಿಕಳಿಸದೆ, ಟಾರ್ಚು ಹಿಡಿದು ಮೊದಲು ಬಂದವರು ಚಿಕ್ಕಪ್ಪ.

ಯಾಕೆ ಹೀಗಾಯಿತು ಎಂದು ಆಗಿನಿಂದ ಯೋಚಿಸುತ್ತಿದ್ದೇನೆ. ಇಬ್ಬರನ್ನೂ ಎದುರುಬದುರು ಕೂರಿಸಿ "ಮಾತಾಡಿ" ಎಂದು ನೆಂಟರು ಹಿಂದೆ ಎರಡು ಸಲ ಪ್ರಯತ್ನಿಸಿದ್ದರು. ಎರಡು ಸಲವೂ ಜಗಳ ಹೆಚ್ಚಾಗಿಯೇ ಎದ್ದಿದ್ದರು. ಎದುರುಬದುರು ಕೂತರೆ ಕಣ್ಣು ಕಣ್ಣು ಸಿಗುತ್ತದೆ, ಮಾತು ನಿಂತರೆ ಮೌನ ಚುಚ್ಚುತ್ತದೆ. ಪಜಲಿನ ಮುಂದೆ ಕೂತವರು ಒಬ್ಬರ ಪಕ್ಕ ಒಬ್ಬರು ಕೂತು ಒಂದೇ ಕಡೆ ನೋಡುತ್ತಾರೆ. ಕೈಗೆ ಕೆಲಸ ಇರುತ್ತದೆ. ಮಾತಾಡಿದರೆ ಸೈ, ಆಡದಿದ್ದರೂ ಯಾರಿಗೂ ಕಸಿವಿಸಿ ಇಲ್ಲ. ಹಾಗೆ ಬಿಡುವು ಸಿಕ್ಕಾಗ ಮಾತು ತಾನಾಗಿಯೇ ಬರುತ್ತದೆ.

ಇದು ನಮಗೆ ಹೊಸತೇನೂ ಅಲ್ಲ. ನಮ್ಮ ಕಡೆ ಅಡಿಕೆ ಸುಗ್ಗಿಯಲ್ಲಿ ರಾತ್ರಿಯೆಲ್ಲ ಮೆಟ್ಟುಗತ್ತಿಯ ಮೇಲೆ ಕೂತು ಸುಲಿಯುತ್ತಿದ್ದವರು ಹತ್ತು ಮನೆಯವರು. ಊರಿನ ಕತೆ, ಯಕ್ಷಗಾನದ ಪದ, ಮದುವೆಯ ಮಾತುಕತೆ ಎಲ್ಲ ಅಲ್ಲೇ. ಬಯಲುಸೀಮೆಯಲ್ಲಿ ಹಿತಕಿದ ಅವರೆಗೆ ಕಾಳು ಹಿಚುಕುವಾಗ ಮನೆಮಂದಿಯೆಲ್ಲ ಬೋಗುಣಿಯ ಸುತ್ತ ಕೂರುತ್ತಿದ್ದರು. ಬಿಸಿಲು ಹತ್ತಿದ ಮೇಲೆ ಹಪ್ಪಳ ಒತ್ತಲು ಓಣಿಯ ಹೆಂಗಸರು ಸೇರುತ್ತಿದ್ದರು. ಉತ್ತರ ಕರ್ನಾಟಕದ ಕೌದಿಯನ್ನು ನೆನೆಸಿಕೊಳ್ಳಿ: ಹಳೆಯ ಸೀರೆ, ಧೋತರ, ಕುಪ್ಪಸದ ತುಂಡುಗಳನ್ನು ಒಂದರ ಪಕ್ಕ ಒಂದು ಇಟ್ಟು ನಾಲ್ಕಾರು ಜನ ನಾಲ್ಕೂ ಬದಿಯಿಂದ ಹೊಲಿಯುತ್ತ ಬರುವುದು. ಇವರಲ್ಲಿ ಯಾರೂ ಮಾತಾಡಲೆಂದು ಸೇರಿದವರಲ್ಲ. ಕೆಲಸಕ್ಕೆ ಸೇರಿದರು, ಮಾತು ಬಂತು. ಈಗ ಅಡಿಕೆಯನ್ನು ಯಂತ್ರ ಸುಲಿಯುತ್ತದೆ, ಹಪ್ಪಳ ಪ್ಯಾಕೆಟ್ಟಿನಲ್ಲಿ ಬರುತ್ತದೆ, ಹಿಚುಕಿದ ಅವರೆಯನ್ನು ಸೇರಿನಲ್ಲಿ ಅಳೆದು ಮಾರುತ್ತಾರೆ. ಮೈಮುರಿಯುವ ದುಡಿಮೆ ತಪ್ಪಿದ್ದು ಒಳ್ಳೆಯದೇ ಆಯಿತು, ಅದರಲ್ಲೂ ಹೆಂಗಸರಿಗೆ. ಆದರೆ ಆ ಕೂತುಕೊಳ್ಳುವಿಕೆಯೂ ಜೊತೆಗೇ ಹೋಯಿತು, ಅದರ ಜಾಗಕ್ಕೆ ಏನೂ ಬರಲಿಲ್ಲ. ಟೀವಿ ಮುಂದೆ ಕೂತವರ ಕೈ ಖಾಲಿ, ಬಾಯಿ ಮುಚ್ಚಿರುತ್ತದೆ. ಮೊಬೈಲಿನಲ್ಲಿ ಒಬ್ಬೊಬ್ಬರ ಕಣ್ಣು ಒಂದೊಂದು ಕಡೆ.

ಆಟಗಳಿಲ್ಲವೇ ಎನ್ನಬಹುದು. ಚೌಕಾಬಾರ, ಅಳಗುಳಿಮಣೆ, ಕೇರಂ ಎಲ್ಲವೂ ನನಗೆ ಇಷ್ಟವೇ. ಅವುಗಳಲ್ಲಿ ಒಬ್ಬರು ಗೆಲ್ಲುತ್ತಾರೆ, ಒಬ್ಬರು ಸೋಲುತ್ತಾರೆ. ಮೊದಲೇ ಬಿರುಕಿರುವವರನ್ನು ಹತ್ತಿರ ತರಲು ಅದು ದಾರಿಯಲ್ಲ. ಪಗಡೆಯ ಹಾಸು ಬಿಚ್ಚಿ ದಾಯಾದಿಗಳು ಏನಾದರು ಎಂಬುದು ಈ ನಾಡಿನ ಪ್ರತಿ ತಾಳಮದ್ದಳೆಗೂ ಗೊತ್ತು. ಪಜಲಿನಲ್ಲಿ ಎದುರಾಳಿಯೇ ಇಲ್ಲ. ನಾನು ಹುಡುಕುತ್ತಿದ್ದ ತುಣುಕು ನಿಮಗೆ ಸಿಕ್ಕರೆ ನನಗೂ ಸಂತೋಷ.

ಆ ಹುಡುಗನ ಕನ್ನಡದ ಬಗ್ಗೆಯೂ ಒಂದು ಮಾತು ಹೇಳಬೇಕು, ಏಕೆಂದರೆ ಹೊರನಾಡಿನಿಂದ ಮೊಮ್ಮಕ್ಕಳು ಬರುವ ಮನೆಗಳು ಈಗ ಹಳ್ಳಿಹಳ್ಳಿಗಳಲ್ಲೂ ಇವೆ. ಪಜಲ್ ಜೋಡಿಸಲು ಬೇಕಾದ ಮಾತು ಬಹಳ ಕಡಿಮೆ, ಅದೇ ಮಾತು ದಿನಕ್ಕೆ ನೂರು ಸಲ ಬರುತ್ತದೆ. ಇದು, ಅದು, ಇದಲ್ಲ, ಅಂಚು, ಮೂಲೆ, ತಿರುಗಿಸು, ಸ್ವಲ್ಪ ಈಚೆ, ತಡಿ, ಸಿಕ್ತು. ತುಣುಕಿನ ಹೊರಚಾಚಿದ ಭಾಗಕ್ಕೆ ಅಪ್ಪ "ಕಿವಿ" ಎಂದು ಹೆಸರಿಟ್ಟರು, ಒಳಗಿನ ಗುಳಿಗೆ "ಬಾಯಿ". "ಎರಡು ಕಿವಿ, ಎರಡು ಬಾಯಿ ಇರೋದು ಬೇಕು" ಎಂದು ಹುಡುಗ ಆರನೆಯ ದಿನ ಪೂರ್ತಿ ವಾಕ್ಯವನ್ನೇ ಹೇಳಿದ. ತಪ್ಪಾದೀತೆಂಬ ಅಂಜಿಕೆ ಅವನಲ್ಲಿ ಇರಲಿಲ್ಲ, ಯಾರೂ ಅವನ ಭಾಷೆಯನ್ನು ಪರೀಕ್ಷಿಸುತ್ತಿರಲಿಲ್ಲ, ಎಲ್ಲರೂ ನೀಲಿ ತುಣುಕು ಹುಡುಕುತ್ತಿದ್ದರು. ಅವನ ತಾಯಿ ಎರಡು ವರ್ಷ ಆನ್‌ಲೈನ್ ತರಗತಿಯಲ್ಲಿ ಕಲಿಸಲು ಹೆಣಗಿದ್ದಳು.

ಈ ಆಟ ಎಲ್ಲಿಂದ ಬಂತು ಎಂದು ತಿಳಿದರೆ ಗ್ರಂಥಾಲಯಕ್ಕೂ ಇದಕ್ಕೂ ಇರುವ ನಂಟು ಕಾಣುತ್ತದೆ. 1760ರ ದಶಕದಲ್ಲಿ ಲಂಡನ್ನಿನ ಜಾನ್ ಸ್ಪಿಲ್ಸ್‌ಬರಿ ಎಂಬ ನಕ್ಷೆ ಕೆತ್ತುವವನು ಭೂಪಟವನ್ನು ಮರದ ಹಲಗೆಗೆ ಅಂಟಿಸಿ, ದೇಶದೇಶಗಳ ಗಡಿಯ ಗುಂಟ ಕೊಯ್ದು ಮಾರಿದ. ಆಗಿನ್ನೂ ಜಿಗ್ಸಾ ಎಂಬ ಹೆಸರಿರಲಿಲ್ಲ, ಅದು ಬಂದದ್ದು ಒಂದು ಶತಮಾನಕ್ಕೂ ಹೆಚ್ಚು ಕಾಲವಾದ ಮೇಲೆ. ಕಿವಿ, ಬಾಯಿ ಇಲ್ಲದ ಆ ತುಣುಕುಗಳನ್ನು ಪಕ್ಕಪಕ್ಕ ಜೋಡಿಸಿ ಭೂಗೋಳ ಕಲಿಯಬೇಕಿತ್ತು. ಮೂರನೆಯ ಜಾರ್ಜ್ ದೊರೆಯ ಮಕ್ಕಳಿಗೆ ಪಾಠ ಹೇಳಿಸುತ್ತಿದ್ದ ಲೇಡಿ ಷಾರ್ಲೆಟ್ ಫಿಂಚ್ ಇಂಥ ನಕ್ಷೆಗಳನ್ನು ಬಳಸಿದಳು. ಕೈಯಲ್ಲೇ ಕೊಯ್ಯುತ್ತಿದ್ದ ಮರದ ತುಣುಕುಗಳಾದ್ದರಿಂದ ಬೆಲೆ ಹೆಚ್ಚು, ಉಳ್ಳವರ ಮನೆಯ ಮಕ್ಕಳಿಗೆ ಮಾತ್ರ ಸಿಗುತ್ತಿತ್ತು. 1814ರಲ್ಲಿ ಬಂದ ಜೇನ್ ಆಸ್ಟಿನ್‌ರ "ಮ್ಯಾನ್ಸ್‌ಫೀಲ್ಡ್ ಪಾರ್ಕ್" ಕಾದಂಬರಿಯಲ್ಲಿ ಸಿರಿವಂತ ಮನೆಗೆ ಬಂದ ಬಡ ನೆಂಟರ ಹುಡುಗಿಗೆ ಯೂರೋಪಿನ ನಕ್ಷೆಯನ್ನು ಜೋಡಿಸಲು ಬರುವುದಿಲ್ಲ ಎಂದು ಆ ಮನೆಯ ಹುಡುಗಿಯರು ಮೂದಲಿಸುತ್ತಾರೆ. ಒಂದು ಕಾಲದಲ್ಲಿ ಈ ಆಟ ಜನರನ್ನು ಬೇರೆಮಾಡಿ ತೋರಿಸುವ ವಸ್ತುವೂ ಆಗಿತ್ತು.

ಬಡವರ ಕೈಗೆ ಇದು ಬಂದದ್ದು ಅತಿ ಕೆಟ್ಟ ಕಾಲದಲ್ಲಿ. 1930ರ ದಶಕದ ಆರ್ಥಿಕ ಕುಸಿತದಲ್ಲಿ ಅಮೆರಿಕದ ಲಕ್ಷಾಂತರ ಜನ ಕೆಲಸ ಕಳೆದುಕೊಂಡು ಮನೆಯಲ್ಲಿ ಕೂತಿದ್ದರು. ಹೊತ್ತು ಬೆಟ್ಟದಷ್ಟಿತ್ತು, ಕಾಸಿರಲಿಲ್ಲ. ಅಷ್ಟು ಹೊತ್ತಿಗೆ ರಟ್ಟಿನ ಮೇಲೆ ಅಚ್ಚು ಒತ್ತಿ ಒಂದೇ ಏಟಿಗೆ ತುಣುಕು ಮಾಡುವ ಯಂತ್ರಗಳು ಬಂದಿದ್ದವು, ಬೆಲೆ ಇಳಿದಿತ್ತು. ಕೆಲಸ ಹೋದ ಬಡಗಿಗಳು ಮನೆಯಲ್ಲೇ ಮರದ ಪಜಲ್ ಕೊಯ್ದು ಮಾರಿದರು, ಬಾಡಿಗೆಗೆ ಕೊಟ್ಟರು. 1933ರ ಆರಂಭದಲ್ಲಿ ವಾರಕ್ಕೆ ಒಂದು ಕೋಟಿ ಪಜಲ್ ಖರ್ಚಾಗುತ್ತಿತ್ತು. ಪುಸ್ತಕ ಕೊಡುವಂತೆ ಪಜಲನ್ನೂ ವಾರದ ಲೆಕ್ಕದಲ್ಲಿ ಎರವಲು ಕೊಡುವ ಗ್ರಂಥಾಲಯಗಳು ಹುಟ್ಟಿದವು. ಅದೇ 1933ರಲ್ಲಿ ಶುರುವಾದ ಬ್ರಿಟಿಷ್ ಜಿಗ್ಸಾ ಪಜಲ್ ಲೈಬ್ರರಿ ತನ್ನ ಸದಸ್ಯರಿಗೆ ಮರದ ಪಜಲುಗಳನ್ನು ಕಳಿಸುತ್ತದೆ, ಡಬ್ಬಿಯ ಮೇಲೆ ಚಿತ್ರ ಇರುವುದಿಲ್ಲ. ಇಂದು ಅಮೆರಿಕ, ಇಂಗ್ಲೆಂಡಿನ ಎಷ್ಟೋ ಊರಿನ ಸಾರ್ವಜನಿಕ ಗ್ರಂಥಾಲಯಗಳಲ್ಲಿ ಮೂಲೆಯ ಒಂದು ಮೇಜಿನ ಮೇಲೆ ಅರ್ಧ ಜೋಡಿಸಿದ ಪಜಲ್ ಸದಾ ಇರುತ್ತದೆ. ನಾನು ನಿಮ್ಮಲ್ಲಿ ಕೇಳುತ್ತಿರುವುದು ಅದನ್ನೇ.

ಇನ್ನೊಂದು ಪ್ರಸಂಗ ಹೇಳುತ್ತೇನೆ. ಅದು ಆಟದ್ದಲ್ಲ, ಪಾಠದ್ದು, ಆದರೆ ಹೆಸರು ಈ ಆಟದ್ದೇ. 1971ರಲ್ಲಿ ಟೆಕ್ಸಾಸಿನ ಆಸ್ಟಿನ್ ನಗರದ ಶಾಲೆಗಳಲ್ಲಿ ಬಿಳಿಯ, ಕರಿಯ, ಮೆಕ್ಸಿಕನ್ ಮೂಲದ ಮಕ್ಕಳನ್ನು ಮೊದಲ ಬಾರಿಗೆ ಒಟ್ಟಿಗೆ ಕೂರಿಸಲಾಯಿತು. ವಾರಗಳಲ್ಲೇ ಹೊಡೆದಾಟ ಶುರುವಾಯಿತು. ಅಲ್ಲಿನ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಎಲಿಯಟ್ ಆರನ್ಸನ್ ಮತ್ತು ಅವರ ಶಿಷ್ಯರು ತರಗತಿಗೆ ಹೋಗಿ ಕೂತು ನೋಡಿದರು. ಮೇಷ್ಟ್ರು ಪ್ರಶ್ನೆ ಕೇಳುತ್ತಾರೆ, ಹತ್ತು ಕೈ ಮೇಲೇಳುತ್ತವೆ, ಒಬ್ಬನಿಗೆ ಅವಕಾಶ ಸಿಕ್ಕರೆ ಉಳಿದ ಒಂಬತ್ತು ಮುಖ ಬಾಡುತ್ತವೆ. ಒಬ್ಬರ ಗೆಲುವು ಇನ್ನೊಬ್ಬರ ಸೋಲಾಗುವ ಆ ಏರ್ಪಾಡನ್ನೇ ಅವರು ಬದಲಿಸಿದರು. ಐದಾರು ಮಕ್ಕಳ ಬೆರಕೆ ಗುಂಪು ಮಾಡಿ, ಪಾಠವನ್ನು ಅಷ್ಟೇ ತುಂಡು ಮಾಡಿ, ಒಬ್ಬೊಬ್ಬರಿಗೆ ಒಂದೊಂದನ್ನು ಮಾತ್ರ ಕೊಟ್ಟರು. ಪೂರ್ತಿ ಪಾಠ ತಿಳಿಯಬೇಕಾದರೆ ಉಳಿದವರ ಮಾತು ಕೇಳಲೇಬೇಕು. ಮನೆಯಲ್ಲಿ ಸ್ಪ್ಯಾನಿಷ್ ಆಡುವ, ಇಂಗ್ಲಿಷಿನಲ್ಲಿ ತಡವರಿಸುವ ಒಬ್ಬ ಹುಡುಗನನ್ನು ಮೊದಲು ಗುಂಪು ಗೇಲಿ ಮಾಡಿತು. ಅವನ ಬಳಿ ಇರುವ ತುಂಡು ಬೇರೆ ಯಾರ ಬಳಿಯೂ ಇಲ್ಲ ಎಂದು ಅರಿವಾದ ಮೇಲೆ ಅವನಿಂದ ಮಾತು ಹೊರಡಿಸುವಂಥ ಪ್ರಶ್ನೆ ಕೇಳಲು ಅವರೇ ಕಲಿತರು. ವಾರಗಳು ಕಳೆದಂತೆ ಅವನೂ ಅವರಿಗೆ ಒಗ್ಗಿದ, ಅವರೂ ಅವನಿಗೆ ಒಗ್ಗಿದರು. ಈ ಕ್ರಮಕ್ಕೆ ಜಿಗ್ಸಾ ತರಗತಿ ಎಂದೇ ಹೆಸರಾಯಿತು.

ಒಂದು ಪಜಲ್ ಡಬ್ಬಿ ನಮ್ಮ ಹಳ್ಳಿಯ ಜಾತಿಯನ್ನು ಕರಗಿಸುತ್ತದೆ ಎಂದು ಹೇಳುವಷ್ಟು ಹಗುರವಾಗಿ ನಾನು ಬರೆಯುತ್ತಿಲ್ಲ. ಕೆಲವು ಊರುಗಳಲ್ಲಿ ಕ್ಷೌರದ ಅಂಗಡಿ, ಹೋಟೆಲು, ಗುಡಿ ಎಲ್ಲ ಕಡೆ ಇಂದಿಗೂ ಎರಡು ಬಗೆಯ ಬಾಗಿಲಿದೆ. ಅಂಥ ಊರಿನಲ್ಲೂ ನಿಮ್ಮ ಬಾಗಿಲು ಕಾನೂನಿನಿಂದಲೂ ನಿಯಮದಿಂದಲೂ ಎಲ್ಲರಿಗೂ ಒಂದೇ. ಮನೆಯ ಜಗಲಿಯಲ್ಲಿ ಪಜಲ್ ಇಟ್ಟರೆ ಹತ್ತಿರವಾಗುವವರು ನೆಂಟರು ಮಾತ್ರ, ನಮ್ಮ ಮನೆಯಲ್ಲಿ ಆದದ್ದೂ ಅಷ್ಟೇ. ಕೇರಿ ಬೇರೆಯಾದ ಎರಡು ಮಕ್ಕಳು, ಅವರ ಹಿಂದೆ ಅವರ ಅಜ್ಜಿಯರು, ಒಂದೇ ಹಲಗೆಯ ಮೇಲೆ ಕೈಯಿಡಬೇಕಾದರೆ ಅದು ನಿಮ್ಮಲ್ಲಿ ಮಾತ್ರ ಸಾಧ್ಯ. ನಿಮಗೆ ಬರೆಯುತ್ತಿರುವುದು ಅದಕ್ಕೇ.

ಅಜ್ಜಿಯರು ಎಂದೆ. ಈ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾದ ಮಾತು ಇದು. ರಾಜ್ಯದಲ್ಲಿ ಐದು ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿವೆ. ಅವು ಅರಿವು ಕೇಂದ್ರಗಳಾದವು, 2020ರ ನವೆಂಬರಿನಲ್ಲಿ ಶುರುವಾದ "ಓದುವ ಬೆಳಕು" ಕಾರ್ಯಕ್ರಮದಿಂದ ಮಕ್ಕಳಿಗೆ ಉಚಿತ ಸದಸ್ಯತ್ವ ಸಿಕ್ಕಿತು, ಲಕ್ಷಗಟ್ಟಲೆ ಮಕ್ಕಳು ಬಂದರು. ಬಹಳ ವರ್ಷ ಅಲ್ಪ ಗೌರವಧನದಲ್ಲಿ ದುಡಿದ ನೀವು ಅದನ್ನು ಮಾಡಿ ತೋರಿಸಿದಿರಿ. ಆದರೆ ಓದು ಬರಹ ಬಾರದ ಅರವತ್ತರ ಹೆಂಗಸು ನಿಮ್ಮ ಮೆಟ್ಟಿಲು ಹತ್ತಲು ಇಂದು ಯಾವ ಕಾರಣವಿದೆ? ಒಳಗೆ ಹೋದರೆ ಅವಳಿಗೆ ತೆರೆದು ನೋಡಲು ಏನೂ ಇಲ್ಲ. ಊರಿನ ಗಂಡಸರಿಗೆ ಅರಳಿಕಟ್ಟೆ ಇದೆ, ಚಹಾ ಅಂಗಡಿ ಇದೆ, ಡೇರಿಯ ಮುಂದಿನ ಬೆಂಚು ಇದೆ. ಅವಳಿಗೆ ಸುಮ್ಮನೆ ಅರ್ಧ ಗಂಟೆ ಕೂರಲು ಜಾಗವೇ ಇಲ್ಲ. ಪಜಲಿಗೆ ಅಕ್ಷರ ಬೇಕಿಲ್ಲ. ಕಣ್ಣು ಬೇಕು, ತಾಳ್ಮೆ ಬೇಕು. ಅಕ್ಕಿಯಲ್ಲಿ ಕಲ್ಲು ಆರಿಸಿದ, ರಂಗೋಲಿಯ ಚುಕ್ಕಿ ಎಣಿಸಿದ, ಕೌದಿಯ ತುಂಡು ಹೊಂದಿಸಿದ ಕೈಗೆ ಅದು ಸುಲಭ. ಮೊಮ್ಮಗಳು ಪುಸ್ತಕ ಬದಲಿಸುವಷ್ಟು ಹೊತ್ತು ಅವಳು ಆ ಮೇಜಿನ ಮುಂದೆ ಕೂರುತ್ತಾಳೆ. ಮಾರನೆಯ ದಿನ ಮೊಮ್ಮಗಳಿಲ್ಲದೆಯೂ ಬರುತ್ತಾಳೆ. ಬದುಕಿನ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದ ಎಸ್.ಆರ್. ರಂಗನಾಥನ್ ಅವರು 1931ರಲ್ಲಿ ಗ್ರಂಥಾಲಯ ಶಾಸ್ತ್ರದ ಐದು ಸೂತ್ರಗಳನ್ನು ಕೊಟ್ಟರಲ್ಲ, ಗ್ರಂಥಾಲಯ ಬೆಳೆಯುತ್ತ ಹೋಗುವ ಜೀವಿ ಎಂಬುದು ಅದರಲ್ಲಿ ಐದನೆಯದು. ನನಗೆ ಆ ಬೆಳವಣಿಗೆ ಎಂದರೆ ಇದುವರೆಗೆ ಬಾರದವರು ಬರುವುದು.

ಹೇಗೆ ಮಾಡುವುದು ಎಂಬುದಕ್ಕೆ ಬರುತ್ತೇನೆ.

500 ತುಣುಕಿನಿಂದ ಶುರುಮಾಡಿ. ಕೆಲವು ನೂರು ರೂಪಾಯಿಗೆ ಸಿಗುತ್ತದೆ. 1000 ತುಣುಕಿನದು ಸುಮಾರು 70 ಸೆಂಟಿಮೀಟರ್ ಉದ್ದ, 50 ಸೆಂಟಿಮೀಟರ್ ಅಗಲ ಬರುತ್ತದೆ, ಅದಕ್ಕೆ ಹೊಸಬರು ಬೆದರುತ್ತಾರೆ. ಪ್ಲೈವುಡ್ ಹಲಗೆಯ ಮೇಲೆ ಜೋಡಿಸಿದರೆ ಸಭೆಗೆ ಮೇಜು ಬೇಕಾದಾಗ ಹಲಗೆಯನ್ನೇ ಎತ್ತಿಡಬಹುದು. ಸಂಜೆ ಬಾಗಿಲು ಹಾಕುವಾಗ ಮೇಲೊಂದು ಬಟ್ಟೆ ಮುಚ್ಚಿ. ಮೇಜನ್ನು ಒಳಕೋಣೆಗೆ ತಳ್ಳಬೇಡಿ, ರಸ್ತೆಯಿಂದ ಕಾಣುವ ಕಡೆ ಇಡಿ. ಒಳಗೆ ಒಬ್ಬ ಹೆಂಗಸು ಕೂತಿರುವುದು ಕಂಡರೆ ದಾರಿಯಲ್ಲಿ ಹೋಗುವ ಇನ್ನೊಬ್ಬಳು ಒಳಗೆ ಬರುತ್ತಾಳೆ.

ಕೊಳ್ಳುವುದಕ್ಕಿಂತ ಊರಿನಲ್ಲೇ ಮಾಡಿಸಿಕೊಳ್ಳುವುದು ಇನ್ನೂ ಮೇಲು. ತೆಳ್ಳನೆಯ ಪ್ಲೈವುಡ್ಡಿಗೆ ಚಿತ್ರ ಅಂಟಿಸಿ ಸಣ್ಣ ಗರಗಸದಲ್ಲಿ ವಕ್ರವಕ್ರವಾಗಿ ಕೊಯ್ಯಲು ಯಾವ ಬಡಗಿಗೂ ಬರುತ್ತದೆ. ಆಲೆ ಮರದ ಗೊಂಬೆಗೆ ಹೆಸರಾದ ಚನ್ನಪಟ್ಟಣದಂಥ ಊರಿನವರನ್ನು ಕೇಳಿದರೆ ನಾಜೂಕಾಗಿಯೇ ಮಾಡಿಕೊಡುತ್ತಾರೆ. 31 ಜಿಲ್ಲೆಗಳ ಕರ್ನಾಟಕದ ನಕ್ಷೆ ಇರಲಿ, 2021ರಲ್ಲಿ ಸೇರಿದ ವಿಜಯನಗರವನ್ನು ಮರೆಯುವುದು ಬೇಡ. ಊರಿನ ತೇರಿನ ಚಿತ್ರ, ಶಾಲೆಯ ಹಳೆಯ ಗುಂಪು ಫೋಟೊ, ಯಾವುದೂ ಆದೀತು. ಆದರೆ ನನ್ನ ಮನಸ್ಸಿನಲ್ಲಿರುವುದು ಇನ್ನೊಂದು.

ಭೂದಾಖಲೆ ಇಲಾಖೆಯ ಜಾಲತಾಣದಲ್ಲಿ ಕಂದಾಯ ಗ್ರಾಮಗಳ ನಕ್ಷೆ ಸಿಗುತ್ತದೆ. ನಿಮ್ಮ ಊರಿನದನ್ನು ದೊಡ್ಡದಾಗಿ ಅಚ್ಚು ಹಾಕಿಸಿ, ಹಲಗೆಗೆ ಅಂಟಿಸಿ, ಸ್ಪಿಲ್ಸ್‌ಬರಿ ಮಾಡಿದಂತೆ ಸರ್ವೆ ನಂಬರುಗಳ ಗಡಿಯ ಗುಂಟ ಕೊಯ್ಯಿಸಿ. ಕೆರೆ ಒಂದು ತುಣುಕು, ಗೋಮಾಳ ಒಂದು ತುಣುಕು, ಊರುಗುಂಪು ಒಂದು, ಸ್ಮಶಾನ ಒಂದು. ಅದನ್ನು ಮಕ್ಕಳ ಮುಂದೆ ಸುರಿದು ಮುದುಕರನ್ನು ಕರೆಯಿರಿ. ನಕ್ಷೆಯಲ್ಲಿ ಇರುವುದು ನಂಬರು, ಮುದುಕರ ನಾಲಿಗೆಯಲ್ಲಿ ಇರುವುದು ಹೆಸರು. ಹುಣಸೇಮರದ ಹೊಲ, ಕೆರೆಹಿಂದಿನ ಗದ್ದೆ, ಹಾಳುಬಾವಿ ದಿಣ್ಣೆ. ಯಾವ ಹಳ್ಳ ಯಾವ ಕಡೆಯಿಂದ ಬಂದು ಕೆರೆಗೆ ಬೀಳುತ್ತಿತ್ತು, ಎಲ್ಲಿ ಕಣ ಹಾಕುತ್ತಿದ್ದರು, ಯಾವ ಗುಂಡುತೋಪು ಕಡಿದು ಹೋಯಿತು, ಇವೆಲ್ಲ ಪಹಣಿಯಲ್ಲಿ ಇಲ್ಲ. ಮಕ್ಕಳು ಆ ಹೆಸರನ್ನು ತುಣುಕಿನ ಹಿಂಬದಿಯಲ್ಲಿ ಬರೆಯಲಿ. ತಮ್ಮ ಪಕ್ಕದ ಹೊಲದ ಹೆಸರೇ ಗೊತ್ತಿಲ್ಲದ ಮಕ್ಕಳಿಗೆ ಊರು ಕೈಗೆ ಸಿಗುತ್ತದೆ. ಯಾರೂ ಕೇಳದೆ ಕೂತಿದ್ದ ಮುದುಕರಿಗೆ ಕೇಳುವವರು ಸಿಗುತ್ತಾರೆ. ಇಂಥ ಒಂದು ನಕ್ಷೆ ನಿಮ್ಮಲ್ಲಿ ಯಾರಾದರೂ ಮಾಡಿದರೆ ನನ್ನ ಪತ್ರ ಸಾರ್ಥಕ.

ದಯವಿಟ್ಟು ಸ್ಪರ್ಧೆ ಇಡಬೇಡಿ. ಪಜಲಿಗೆ ವಿಶ್ವ ಚಾಂಪಿಯನ್‌ಶಿಪ್ಪೇ ಇದೆ, 2019ರಲ್ಲಿ ಸ್ಪೇನಿನ ವಲ್ಲದೋಲಿದ್‌ನಲ್ಲಿ ಶುರುವಾಯಿತು, ಜೋಡಿಯಾಗಿಯೂ ನಾಲ್ವರ ತಂಡವಾಗಿಯೂ ಗಡಿಯಾರ ಇಟ್ಟುಕೊಂಡು ಜೋಡಿಸುತ್ತಾರೆ. ಅವರು ನುರಿತವರು, ಅದು ಅವರ ಸಂತೋಷ. ನಮ್ಮ ಕೇಂದ್ರಗಳಲ್ಲಿ ಬಹುಮಾನ ಎಂದೊಡನೆ ಚುರುಕಿನ ನಾಲ್ಕು ಮಕ್ಕಳು ಮೇಜನ್ನು ಹಿಡಿದುಕೊಳ್ಳುತ್ತಾರೆ, ಅಜ್ಜಿ ಎದ್ದು ಹೋಗುತ್ತಾಳೆ. ದೊಡ್ಡದಾಗಿ ಏನಾದರೂ ಮಾಡಲೇಬೇಕು ಎನ್ನಿಸಿದರೆ ವಿಯೆಟ್ನಾಮಿನವರನ್ನು ನೋಡಿ. 2011ರ ಸೆಪ್ಟೆಂಬರ್ 24ರಂದು ಹೋ ಚಿ ಮಿನ್ ನಗರದ ಅರ್ಥಶಾಸ್ತ್ರ ವಿಶ್ವವಿದ್ಯಾಲಯದ 1,600 ವಿದ್ಯಾರ್ಥಿಗಳು ಒಂದು ಒಳಾಂಗಣ ಕ್ರೀಡಾಂಗಣದಲ್ಲಿ 5,51,232 ತುಣುಕುಗಳ ಒಂದು ಕಮಲದ ಚಿತ್ರವನ್ನು ಜೋಡಿಸಿ ಗಿನ್ನೆಸ್ ದಾಖಲೆ ಮಾಡಿದರು. ಅದನ್ನು 176 ತುಣುಕುಗಳ 3,132 ಭಾಗಗಳಾಗಿ ಬಿಡಿಸಿಕೊಂಡು, ಗುಂಪುಗಳಲ್ಲಿ ಕೂತು, ಮತ್ತೆ ಒಂದುಮಾಡಿದರು. 17 ಗಂಟೆ ಹಿಡಿಯಿತು. ಬೇಸಿಗೆ ಶಿಬಿರದಲ್ಲಿ ಇದರ ಸಣ್ಣ ರೂಪವನ್ನು ನೀವೂ ಮಾಡಬಹುದು: ಹತ್ತು ಹಳ್ಳಿಯ ಮಕ್ಕಳು ಹತ್ತು ಭಾಗ ಜೋಡಿಸಿ ತಂದು ಹೋಬಳಿಯ ನಕ್ಷೆ ಮಾಡುವುದು.

ಜೋಡಿಸಿ ಮುಗಿದದ್ದನ್ನು ಅಂಟು ಹಾಕಿ ಗೋಡೆಗೆ ತೂಗುಹಾಕುವ ಆಸೆಯಾಗುತ್ತದೆ. ಹಾಗೆ ಮಾಡಬೇಡಿ. ಎರಡು ದಿನ ಎಲ್ಲರೂ ನೋಡಲಿ, ಆಮೇಲೆ ಬಿಡಿಸಿ ಡಬ್ಬಿಗೆ ತುಂಬಿ ಪಕ್ಕದ ಪಂಚಾಯಿತಿಗೆ ಕೊಡಿ, ಅವರದನ್ನು ನೀವು ತನ್ನಿ. ಹತ್ತು ಕೇಂದ್ರಗಳು ಸೇರಿ ಹತ್ತು ಡಬ್ಬಿ ಕೊಂಡರೆ ವರ್ಷವಿಡೀ ಹೊಸ ಚಿತ್ರ ಇರುತ್ತದೆ. ತುಣುಕು ಕಳೆಯುತ್ತದೆ, ಅದಕ್ಕೆ ಯಾವ ಮಗುವನ್ನೂ ಗದರಬೇಡಿ. ಪುಸ್ತಕದ ಹಾಳೆ ಹರಿದಾಗ ಅಂಟಿಸುವ ಕೈ ನಿಮ್ಮದು, ಇದನ್ನೂ ಸರಿಮಾಡಬಹುದು. ನಮ್ಮ ಕೋಟೆಯ ಆಕಾಶದಲ್ಲಿ ಒಂದು ತುಣುಕು ಸಿಗಲೇ ಇಲ್ಲ. ಅಪ್ಪ ಹಳೆಯ ಮದುವೆ ಕಾಗದದ ದಪ್ಪ ರಟ್ಟನ್ನು ಖಾಲಿ ಜಾಗದ ಆಕಾರಕ್ಕೆ ಕತ್ತರಿಸಿ, ಮೂರು ಸಲ ತಿದ್ದಿ, ನೀಲಿ ಪೆನ್ನಿನಲ್ಲಿ ಬಣ್ಣ ತುಂಬಿ ಕೂರಿಸಿದರು. ಚಿಕ್ಕಪ್ಪ ಕತ್ತರಿ ಹಿಡಿದುಕೊಂಡಿದ್ದರು.

ಹುಡುಗ ಊರಿಗೆ ಹೊರಡುವಾಗ ಡಬ್ಬಿಯನ್ನು ಇಲ್ಲೇ ಬಿಟ್ಟುಹೋದ. ಮುಂದಿನ ಸೋಮವಾರ ಅದನ್ನು ನಮ್ಮ ಊರಿನ ಅರಿವು ಕೇಂದ್ರಕ್ಕೆ ತಂದುಕೊಡುತ್ತಿದ್ದೇನೆ. 999 ತುಣುಕು ಕಾರ್ಖಾನೆಯವು, ಒಂದು ಅಪ್ಪ ಮಾಡಿದ್ದು. ಒಂದು ಮೇಜು ಖಾಲಿ ಮಾಡಿಟ್ಟಿರಿ.

ನಿಮ್ಮ ಕೇಂದ್ರದ ಓದುಗರಲ್ಲಿ ಒಬ್ಬರು